ಎರಡೂವರೆ ಸೂತಿನ ಬೋಲ್ಟು

ಬೆಳಗಾವಿ ಜಿಲ್ಲೆಯ ಐನಾಪುರದ ಸುತ್ತಮುತ್ತ ನಾಲ್ಕು ಎಮ್ಮೆ ಕಟ್ಟಿದವರ ಮನೆಯಲ್ಲಿ ಮೇವು ಕತ್ತರಿಸುವ ಕುಟ್ಟಿ ಮಶಿನ್ ಇಲ್ಲದಿರುವುದು ಅಪರೂಪ. ಕೃಷ್ಣೆಯ ದಂಡೆಯ ಈ ಸೀಮೆ ಕಬ್ಬಿನದು. ಕಟಾವಿನ ಹಂಗಾಮಿನಲ್ಲಿ ಹಸಿ ಸೋಗೆ, ಮುಂದೆ ಗೋವಿನಜೋಳದ ದಂಟು, ಬೇಸಿಗೆಗೆ ಕೂಡಿಟ್ಟ ಕಣಕಿ, ಬದುವಿನ ಹುಲ್ಲು, ಎಲ್ಲವೂ ಬೆರಳುದ್ದದ ತುಂಡಾಗಿಯೇ ಗೋದಲಿಗೆ ಬೀಳಬೇಕು. ಇಡಿಯಾಗಿ ಹಾಕಿದರೆ ದನ ಎಲೆ ಮೇದು ದಂಟು ಬಿಡುತ್ತದೆ, ಅರ್ಧ ಮೇವು ಕಾಲಡಿಗೆ ಹೋಗುತ್ತದೆ. ಹೀಗಾಗಿ ಬೆಳಗಿನ ಐದು ಗಂಟೆಗೆ ಮಶಿನ್ ‘ಖಟ್’ ಎಂದು ನಿಂತರೆ ಅದು ಆ ಹೊತ್ತಿನ ಹಾಲಿನ ಪ್ರಶ್ನೆ. ಕಂಪನಿಗೆ ಫೋನ್ ಮಾಡಿ ಬಿಡಿಭಾಗ ತರಿಸುವಷ್ಟು ಪುರುಸೊತ್ತು ದನಕ್ಕೂ ಇಲ್ಲ, ಡೇರಿಗೂ ಇಲ್ಲ.

ಈ ಅವಸರದಿಂದಲೇ ಇಲ್ಲೊಂದು ಕಸುಬು ಬೆಳೆದಿದೆ. ರಿಪೇರಿ ಅದರ ಅರ್ಧ ಭಾಗ ಮಾತ್ರ. ಉಳಿದರ್ಧ, ಮುರಿದ ಭಾಗಕ್ಕೆ ಸರಿಹೊಂದುವ ಮತ್ತೊಂದನ್ನು ಕಡಿಮೆ ದುಡ್ಡಿನಲ್ಲಿ, ಅದೇ ದಿನ ಹುಡುಕುವುದು. ಗಿರಾಕಿ ಮಶಿನ್ನಿನ ಹೆಸರು ಹೇಳುತ್ತ ಬರುತ್ತಾನೆ. ಒಳ್ಳೆಯ ಮಿಸ್ತ್ರಿ ಹೆಸರಿಗಿಂತ ಮೊದಲು ಅಳತೆ ಕೇಳುತ್ತಾನೆ. ಮುರಿದ ತುಂಡನ್ನು ಡೀಸೆಲಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ಅದರ ಮೇಲೆ ಕೊರೆದ ಅಂಕಿಗಾಗಿ ನೋಡುತ್ತಾನೆ. ಯಂತ್ರ ಯಾವ ಊರಿನದೇ ಇರಲಿ, ಅದರೊಳಗಿನ ಬೇರಿಂಗ್, ಬೆಲ್ಟು, ಆಯಿಲ್ ಸೀಲು, ನಟ್ಟು ಬೋಲ್ಟು ಬಹುಪಾಲು ಜಗತ್ತಿನ ಎಲ್ಲ ಯಂತ್ರಗಳಿಗೂ ಸೇರಿದವು. ಕಂಪನಿಯ ಡಬ್ಬಿಯಲ್ಲಿ ಬಂದರೆ ಒಂದು ಬೆಲೆ, ನಂಬರ್ ಹೇಳಿ ಕೊಂಡರೆ ಇನ್ನೊಂದು.

ಹಿಂದೆ ಈ ಕೆಲಸ ಕಂಬಾರನದು. ಕುಡುಗೋಲು ಹದಮಾಡಿ ಕೊಟ್ಟಿದ್ದಕ್ಕೆ ಅವನಿಗೆ ಸುಗ್ಗಿಯಲ್ಲಿ ಆಯದ ಕಾಳು ಸಲ್ಲುತ್ತಿತ್ತು. ಬಿಡಿಭಾಗ ಎಂಬ ಮಾತೇ ಇರಲಿಲ್ಲ, ಏಕೆಂದರೆ ಒಂದು ಕುಡುಗೋಲಿನಂತೆ ಇನ್ನೊಂದು ಇರುತ್ತಿರಲಿಲ್ಲ. ಯಂತ್ರ ಈ ಸೀಮೆಗೆ ಬಂದದ್ದು ಬೆಳಗಾವಿ ಜಿಲ್ಲೆಯವರಿಂದಲೇ. ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಅವರು ಮೊದಮೊದಲು ತಯಾರಿಸಿ ಮಾರಿದ ಯಂತ್ರಗಳಲ್ಲಿ ಕೈಯಿಂದ ತಿರುಗಿಸುವ ಮೇವು ಕತ್ತರಿಸುವ ಯಂತ್ರವೂ ಒಂದು. ಕಬ್ಬಿಣದ ನೇಗಿಲು ಬಂದದ್ದು ಅದರ ಆಸುಪಾಸಿನಲ್ಲಿ. ಮುಂದೆ ಔಂಧದ ರಾಜರು ಕೊಟ್ಟ ಜಾಗದಲ್ಲಿ 1910ರಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. ಅದು ಇವತ್ತಿನ ಸಾಂಗ್ಲಿ ಜಿಲ್ಲೆ, ಮಿರಜದಿಂದ ಪುಣೆಗೆ ಹೋಗುವ ರೈಲಿನ ದಾರಿ. ಪಂಪು, ಎಂಜಿನ್ ಎಂದರೆ ಕಿರ್ಲೋಸ್ಕರ್ ನೆನಪಾಗುವ ನಾಡಿನಲ್ಲಿ ಆ ಮನೆತನದ ಕೈ ಮೊದಲು ಪಳಗಿದ್ದು ದನದ ಮೇವಿನ ಯಂತ್ರದಲ್ಲಿ ಎಂಬುದನ್ನು ನಾನು ಅಭಿಮಾನದಿಂದಲೇ ಬರೆಯುತ್ತೇನೆ.

ಪಟ್ಟಣದ ಉದ್ಯಾನಗಳಲ್ಲಿ ಕಾಣುವ ಲಾನ್ ಮೂವರ್ ಇದರ ದೂರದ ನೆಂಟ. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಎಡ್ವಿನ್ ಬಡಿಂಗ್ 1830ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಉಣ್ಣೆಯ ಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸುವ ಗಿರಣಿಯ ಯಂತ್ರ ನೋಡಿ ಅವನಿಗೆ ಹುಲ್ಲಿನ ಯೋಚನೆ ಹೊಳೆದದ್ದು. ಬೇಕಾದ ಅಳತೆಗೆ ಬಾಯಿ ಹಿಗ್ಗಿಸುವ ಪಾನಾ ಕಂಡುಹಿಡಿದವರಲ್ಲೂ ಅವನ ಹೆಸರು ಹೇಳುತ್ತಾರೆ. ಆ ಕಾಲಕ್ಕೆ ಅಂಥ ಪಾನಾ ಬೇಕೇ ಬೇಕಿತ್ತು, ಏಕೆಂದರೆ ಪ್ರತಿ ಕಾರ್ಖಾನೆಯ ಬೋಲ್ಟಿಗೂ ತನ್ನದೇ ಅಳತೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಬೋಲ್ಟಿನ ಥ್ರೆಡ್ಡಿಗೆ ಒಂದು ಸಮಾನ ಅಳತೆ ಸೂಚಿಸಿದ ಮೇಲೆ, ಒಂದು ಊರಿನ ಬೋಲ್ಟಿಗೆ ಇನ್ನೊಂದು ಊರಿನ ನಟ್ಟು ಕೂರುವ ದಾರಿ ತೆರೆಯಿತು. ಐನಾಪುರದ ರೈತ ಇವತ್ತು ಕಡಿಮೆ ಬೆಲೆಯ ಬಿಡಿಭಾಗ ಕೊಳ್ಳುತ್ತಿರುವುದು ಆ ದಾರಿಯಲ್ಲೇ.

ಈಗ ಬಿಡಿಭಾಗಗಳ ಮೇಲೆ ಕೊರೆದ ಆ ಅಂಕಿಗಳನ್ನು ಓದೋಣ, ಈ ಕಸುಬಿನ ಅಕ್ಷರಾಭ್ಯಾಸ ಅದೇ. ಬೇರಿಂಗಿನ ಅಂಚಿನಲ್ಲಿ 6204 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ: ಒಳತೂತು 20 ಮಿಲಿಮೀಟರ್. 6205 ಆದರೆ 25. ನಾಲ್ಕಕ್ಕಿಂತ ಕೆಳಗೆ ಈ ಲೆಕ್ಕ ನಡೆಯುವುದಿಲ್ಲ. 6203ರ ತೂತು 17 ಮಿಲಿಮೀಟರ್, 6202ರದು 15. 6204 ಎಂದ ಮೇಲೆ ಹೊರಸುತ್ತು 47, ದಪ್ಪ 14 ಮಿಲಿಮೀಟರ್ ಎಂಬುದು ಜೈಪುರದ ಎನ್‌ಬಿಸಿ ಮಾಡಿದರೂ ಅಷ್ಟೇ, ಸ್ವೀಡನ್ನಿನ ಎಸ್‌ಕೆಎಫ್ ಮಾಡಿದರೂ ಅಷ್ಟೇ. ನಂಬರಿನ ಮುಂದಿನ ಅಕ್ಷರವನ್ನೂ ಬಿಡಬಾರದು. ‘ಝಡ್‌ಝಡ್’ ಎಂದರೆ ಎರಡೂ ಕಡೆ ತಗಡಿನ ಮುಚ್ಚಳ, ‘2ಆರ್‌ಎಸ್’ ಎಂದರೆ ರಬ್ಬರಿನ ಸೀಲು. ಕಣಕಿಯ ಧೂಳು ಹಾರುವ ಜಾಗಕ್ಕೆ ರಬ್ಬರಿನದೇ ಬೇಕು. ಎರಡರ ಬೆಲೆಯಲ್ಲಿ ಹೆಚ್ಚು ಅಂತರವಿಲ್ಲ, ಬಾಳಿಕೆಯಲ್ಲಿದೆ.

ಬೆಲ್ಟಿನದು ಇನ್ನೂ ಸುಲಭ. ‘ಎ’ ಎಂದರೆ ಮೇಲಿನ ಅಗಲ 13 ಮಿಲಿಮೀಟರ್, ‘ಬಿ’ ಎಂದರೆ 17. ಪಕ್ಕದ ಅಂಕಿ ಒಳಸುತ್ತಿನ ಉದ್ದ, ಇಂಚಿನಲ್ಲಿ. ಹಳೆಯ ಬೆಲ್ಟಿನ ಅಕ್ಷರ ಅಳಿಸಿಹೋಗಿದ್ದರೆ ಎರಡು ಪುಲಿಗಳ ಸುತ್ತ ಸುತಳಿ ಸುತ್ತಿ ಅಳೆದರೆ ಅಂದಾಜು ಸಿಗುತ್ತದೆ. ಆಯಿಲ್ ಸೀಲಿನ ಮೇಲೆ 25-47-7 ಎಂದು ಮೂರು ಅಳತೆಯನ್ನೂ ಬರೆದೇ ಇರುತ್ತಾರೆ.

ತೊಡಕು ಬರುವುದು ಬೋಲ್ಟಿನಲ್ಲಿ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡು ಲೆಕ್ಕ ಒಟ್ಟಿಗೆ ಬದುಕಿವೆ. ಒಂದು ಮೆಟ್ರಿಕ್, ಇನ್ನೊಂದು ಸೂತಿನ ಲೆಕ್ಕ. ಇಂಚಿನ ಎಂಟನೇ ಒಂದು ಭಾಗ ಒಂದು ಸೂತು. ಎರಡೂವರೆ ಸೂತು ಎಂದರೆ 5/16 ಇಂಚು, 7.94 ಮಿಲಿಮೀಟರ್. ಮೆಟ್ರಿಕ್ಕಿನ ಎಂಟು ಎಂಎಂ ಬೋಲ್ಟಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ, ಕಣ್ಣಿಗೆ ಕಾಣದು. ಆದರೆ ಎಂಟು ಎಂಎಂನ ಮಾಮೂಲಿ ಥ್ರೆಡ್ಡು 1.25 ಮಿಲಿಮೀಟರಿಗೊಂದು, ಎರಡೂವರೆ ಸೂತಿನದು ಇಂಚಿಗೆ ಹದಿನೆಂಟು, ಅಂದರೆ ಸುಮಾರು 1.41 ಮಿಲಿಮೀಟರಿಗೊಂದು. ಕೈಯಲ್ಲಿ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ. ಆಗ ‘ಹೊಸ ಬೋಲ್ಟು, ಬಿಗಿ ಇರೋದೇ’ ಎಂದು ಪಾನಾ ಹಾಕಿ ತಿರುವಿದರೆ ಎರಕದ ಬಾಡಿಯೊಳಗಿನ ಥ್ರೆಡ್ಡೇ ಕಿತ್ತು ಬರುತ್ತದೆ. ಎರಡು ರೂಪಾಯಿ ಉಳಿಸಲು ಹೋಗಿ ಗೇರ್‌ಬಾಕ್ಸ್ ಕಳೆದುಕೊಳ್ಳುವುದು ಹೀಗೆ. ಬೋಲ್ಟು ಕೈಬೆರಳಿನಿಂದ ಕೊನೆಯವರೆಗೂ ಹೋಗಬೇಕು. ಪಾನಾ ಇರುವುದು ಕೊನೆಯ ಬಿಗಿತಕ್ಕೆ ಮಾತ್ರ.

ಅಳತೆ ಸರಿಬಂದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ನನ್ನ ಮಟ್ಟಿಗೆ ಈ ಕಸುಬಿನ ಮರ್ಮವೇ ಅದು. ಯಂತ್ರದೊಳಗೆ ಕೆಲವು ಭಾಗ ಮುರಿಯಲೇಬಾರದು, ಕೆಲವು ಮುರಿಯಲೆಂದೇ ಇರುವವು. ಕುಟ್ಟಿ ಮಶಿನ್ನಿನ ಚಕ್ರಕ್ಕೆ ಬ್ಲೇಡು ಹಿಡಿದಿರುವ ಬೋಲ್ಟು ಮೊದಲನೆಯ ಜಾತಿಯದು. ಅದರ ತಲೆಯ ಮೇಲೆ 8.8 ಎಂಬ ಗುರುತು ಇರಬೇಕು. ಮೊದಲ 8 ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತಕ್ಕೆ ತಡೆಯುವ ಉಕ್ಕು. ಚುಕ್ಕಿಯ ನಂತರದ 8 ಎಂದರೆ ಅದರ ನೂರಕ್ಕೆ ಎಂಬತ್ತರವರೆಗೂ ಅದು ಹಿಗ್ಗಿ ಹಾಗೇ ಉಳಿಯುವುದಿಲ್ಲ. ಕಿಟಕಿ ಜಾಲರಿಗೆ ಹಾಕುವ 4.6ರ ಬೋಲ್ಟಿನ ಉಕ್ಕು ಅದರ ಅರ್ಧದಷ್ಟೇ ಗಟ್ಟಿ. ಜೋರಾಗಿ ಸುತ್ತುವ ಚಕ್ರದಿಂದ ಬ್ಲೇಡು ಕಳಚಿದರೆ ಎದುರಿಗಿದ್ದವರ ಗತಿ ಹೇಳಬೇಕಿಲ್ಲ. ತಲೆ ಬೋಳಾಗಿರುವ, ಗುರುತಿಲ್ಲದ ಬೋಲ್ಟನ್ನು ಆ ಜಾಗಕ್ಕೆ ಯಾವ ಕಾರಣಕ್ಕೂ ಹಾಕಬಾರದು.

ಎರಡನೆಯ ಜಾತಿಯದು ಲಾನ್ ಮೂವರಿನ ಎಂಜಿನ್ನಿನಲ್ಲಿ ಸಿಗುತ್ತದೆ. ಅನೇಕ ಪೆಟ್ರೋಲ್ ಎಂಜಿನ್ನುಗಳಲ್ಲಿ ಫ್ಲೈವೀಲನ್ನು ಶಾಫ್ಟಿನ ಮೇಲೆ ಅದರ ಸ್ಥಾನದಲ್ಲಿ ನಿಲ್ಲಿಸುವ ಪುಟ್ಟ ಕೀಲು ಅಲ್ಯೂಮಿನಿಯಂನದು. ಬ್ಲೇಡು ಕಲ್ಲಿಗೆ ಬಡಿದಾಗ ಆ ಕೀಲು ತುಂಡಾಗುತ್ತದೆ, ಕಿಡಿಯ ಹೊತ್ತು ತಪ್ಪಿ ಎಂಜಿನ್ ನಿಲ್ಲುತ್ತದೆ, ಶಾಫ್ಟು ಉಳಿಯುತ್ತದೆ. ಟ್ರ್ಯಾಕ್ಟರಿನ ಹಿಂದೆ ಕಬ್ಬಿನ ರವದಿ ಪುಡಿಮಾಡುವ ಯಂತ್ರದ ಶಾಫ್ಟಿನಲ್ಲೂ ಇಂಥದೇ ಶಿಯರ್ ಬೋಲ್ಟು ಇರುತ್ತದೆ. ಅದು ಪದೇ ಪದೇ ಮುರಿಯುತ್ತದೆಂದು ಬೇಸತ್ತು ಗಟ್ಟಿ ಉಕ್ಕಿನದನ್ನು ಹಾಕಿಸುವವರಿದ್ದಾರೆ. ಮುಂದಿನ ಕಲ್ಲಿಗೆ ಮುರಿಯುವುದು ಗೇರಿನ ಹಲ್ಲು. ಮೆತ್ತಗಿನದನ್ನು ಗಟ್ಟಿಯಿಂದ ಬದಲಿಸಿದರೂ ನಷ್ಟ, ಗಟ್ಟಿಯದನ್ನು ಮೆತ್ತಗಿನದರಿಂದ ಬದಲಿಸಿದರೂ ಅಪಾಯ. ಇದನ್ನು ಬಲ್ಲ ಮಿಸ್ತ್ರಿ ಕೇಳುವ ಕೂಲಿಯಲ್ಲಿ ಚೌಕಾಸಿ ಮಾಡಬಾರದೆಂದು ನನ್ನ ಅನಿಸಿಕೆ.

ಈಚೆಗೆ ಅಥಣಿ ಭಾಗದ ದ್ರಾಕ್ಷಿ ತೋಟಗಳಲ್ಲಿ, ಬದುಗಳಲ್ಲಿ ಬೆನ್ನಿಗೋ ಹೆಗಲಿಗೋ ಹಾಕಿಕೊಳ್ಳುವ ಬ್ರಷ್ ಕಟರ್ ಬಂದಿದೆ. ಅದರ ಬ್ಲೇಡಿನ ಚಾಲ್ತಿಯ ಅಳತೆ ಸುತ್ತು 255 ಮಿಲಿಮೀಟರ್, ನಡುತೂತು 25.4. ಈ ಎರಡು ಅಂಕಿ ಹೊಂದಿದರೆ ಯಾರ ಬ್ಲೇಡಾದರೂ ಕೂರುತ್ತದೆ. ಅದನ್ನು ಹಿಡಿದ ನಟ್ಟು ಸಾಮಾನ್ಯವಾಗಿ ಎಡಥ್ರೆಡ್ಡಿನದು. ವಾಡಿಕೆಯಂತೆ ಬಿಚ್ಚಲು ಹೋದವರು ಅದನ್ನು ಇನ್ನಷ್ಟು ಬಿಗಿಮಾಡಿ ತಲೆ ಸವೆಸಿಬಿಡುತ್ತಾರೆ. ಕಳೆ ತೆಗೆಯುವ ಪವರ್ ವೀಡರಿನ ಕಥೆ ಇನ್ನೂ ಸ್ವಾರಸ್ಯದ್ದು. ಹೋಂಡಾ 1983ರಲ್ಲಿ ತಂದ ಜಿಎಕ್ಸ್ ಎಂಜಿನ್ನಿನ ನಕಲುಗಳು ಚೀನಾದಿಂದ ಹತ್ತಾರು ಹೆಸರಿನಲ್ಲಿ ಬಂದವು. ಹೆಸರು ಬೇರೆಯಾದರೂ ಮೈಮೇಲೆ 168ಎಫ್ ಅಥವಾ 170ಎಫ್ ಎಂದು ಬರೆದಿರುತ್ತದೆ. ಮಾರಿದ ಅಂಗಡಿಯೇ ಮುಚ್ಚಿದ್ದರೂ ಆ ಗುರುತು ಹೇಳಿದರೆ ಕಾರ್ಬೊರೇಟರ್, ಹಗ್ಗದ ಸ್ಟಾರ್ಟರ್, ಏರ್ ಫಿಲ್ಟರ್ ಸಿಗುತ್ತವೆ.

ಎಲ್ಲಿ ಸಿಗುತ್ತವೆ? ಐನಾಪುರ, ಉಗಾರದ ಅಂಗಡಿಗಳಲ್ಲಿ ನಿತ್ಯದ ಬೆಲ್ಟು, ಬೇರಿಂಗು. ಅದಕ್ಕೂ ಮೀರಿದರೆ ಕಾಗವಾಡ ದಾಟಿ, ಮ್ಹೈಸಾಳ ಹಾದು ಮಿರಜ, ಸಾಂಗ್ಲಿ. ರೈಲಾದರೆ ಕುಡಚಿ, ಉಗಾರ, ಶೇಡಬಾಳ, ಮಿರಜ. ರಾಜ್ಯದ ಗಡಿ ಇಲ್ಲಿ ಬೋಲ್ಟಿಗೆ ಅಡ್ಡ ಬರುವುದಿಲ್ಲ. ಎರಕದ ಸಾಮಾನು, ಅಂದರೆ ರೋಲರು, ಗೇರು, ಚಕ್ರ ಬೇಕಾದರೆ ಚಿಕ್ಕೋಡಿ, ನಿಪ್ಪಾಣಿಯ ಕಡೆಯವರು ಕೊಲ್ಹಾಪುರದ ಉದ್ಯಮನಗರಕ್ಕೆ, ರಾಯಬಾಗದ ಕಡೆಯವರು ಬೆಳಗಾವಿಯ ಉದ್ಯಮಬಾಗಕ್ಕೆ ಹೋಗುವುದುಂಟು. ಎರಡೂ ಫೌಂಡ್ರಿಯ ಊರುಗಳು.

ಭಂಗಾರದ, ಅಂದರೆ ಗುಜರಿಯ ಅಂಗಡಿಯನ್ನೂ ಕಡೆಗಣಿಸಬಾರದು. ಹಳೆಯ ಲಾರಿಯ ಪಟ್ಟಾದ ಉಕ್ಕು ಬ್ಲೇಡಿಗೆ ಒದಗುತ್ತದೆ, ಹದ ಹಾಕಬಲ್ಲ ಕೈ ಇದ್ದರೆ. ಶಾಫ್ಟು, ಪುಲಿ, ಮೋಟಾರಿನ ಅಡಿಪಟ್ಟಿ ಹಳೆಯದೇ ಸಾಕು. ಬೇರಿಂಗು, ಸೀಲು ಮಾತ್ರ ಎಂದೂ ಹಳೆಯದು ಬೇಡ. ನೈಲಾಕ್ ನಟ್ಟನ್ನೂ ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಹಾಕಬಾರದು, ಒಳಗಿನ ನೈಲಾನ್ ಬಳೆಯ ಹಿಡಿತ ಹೋಗಿರುತ್ತದೆ. ಎಲ್ಲೂ ಸಿಗದಿದ್ದರೆ ಕೊನೆಗೆ ಲೇತು ಇದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳೇ ಆದವು, ಅದರ ಲೇತುಗಳು ಕರ್ನಾಟಕದ ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಸವೆದ ಶಾಫ್ಟಿಗೆ ವೆಲ್ಡಿಂಗ್ ತುಂಬಿ ತಿರುವಿ ಅಳತೆಗೆ ತರುವುದು, ಹಿತ್ತಾಳೆಯ ಬುಶ್ ಕೊರೆಯುವುದು ಅರ್ಧ ದಿನದ ಕೆಲಸ.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಈ ದಂಡೆಯ ಊರುಗಳ ಕೊಟ್ಟಿಗೆಗಳೊಂದಿಗೆ ಯಂತ್ರಗಳೂ ಮುಳುಗಿದವು. ನೀರಿಳಿದ ಕೂಡಲೇ ಸ್ವಿಚ್ ಒತ್ತುವುದು, ಹಗ್ಗ ಎಳೆಯುವುದು ಯಂತ್ರಕ್ಕೆ ಎರಡನೆಯ ಪೆಟ್ಟು. ಎಂಜಿನ್ನಾದರೆ ಪ್ಲಗ್ ಬಿಚ್ಚಿ ನೀರು ಹೊರಹಾಕಬೇಕು, ಎಣ್ಣೆ ಪೂರ್ತಿ ಬದಲಿಸಬೇಕು. ಮೋಟಾರಾದರೆ ಬಿಚ್ಚಿ, ಒಣಗಿಸಿ, ಮೆಗ್ಗರಿನಲ್ಲಿ ಇನ್ಸುಲೇಶನ್ ನೋಡಿಸಿದ ಮೇಲೆಯೇ ಕರೆಂಟು. ರೇವೆ ಹೊಕ್ಕ ಬೇರಿಂಗುಗಳನ್ನು ತೊಳೆದು ಹಾಕುವ ಆಸೆ ಬೇಡ, ಹೊಸದೇ ಇರಲಿ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿದಾಗ ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ಕೃಷಿ ಯಂತ್ರೋಪಕರಣವೂ ಒಂದು. ಬಿಡಿಭಾಗ, ರಿಪೇರಿಯ ಮಾಹಿತಿ ಗ್ರಾಹಕನಿಗೂ ಹೊರಗಿನ ಮಿಸ್ತ್ರಿಗೂ ಸಿಗಬೇಕೆಂಬುದು ಅದರ ಆಶಯ. ಆ ಮಾಹಿತಿ ಕನ್ನಡದಲ್ಲಿ, ಚಿತ್ರ ಮತ್ತು ನಂಬರುಗಳ ಸಮೇತ ಒಂದು ಹಾಳೆಯಾಗಿ ಪ್ರತಿ ಯಂತ್ರದ ಜೊತೆ ಬರಬೇಕು. ಸಹಾಯಧನದಲ್ಲಿ ಕೊಡುವ ಯಂತ್ರಗಳಿಗಾದರೂ ಸರ್ಕಾರ ಇದನ್ನು ಕಡ್ಡಾಯ ಮಾಡಲು ಅಡ್ಡಿಯೇನು?

ಇನ್ನು ಉಳಿದದ್ದು ಮುಚ್ಚಳ. ಬ್ಲೇಡಿನ ಚಕ್ರಕ್ಕೂ ಬೆಲ್ಟಿಗೂ ಕಂಪನಿ ಕೊಟ್ಟ ತಗಡಿನ ಮುಚ್ಚಳ ಅನೇಕ ಮನೆಗಳಲ್ಲಿ ಗೋಡೆಗೆ ಒರಗಿರುತ್ತದೆ. ಒಮ್ಮೆ ರಿಪೇರಿಗೆ ಬಿಚ್ಚಿದ್ದು, ಸಣ್ಣ ಬೋಲ್ಟು ಕಳೆದುಹೋದವು, ಮಶಿನ್ ಹೇಗೂ ನಡೆಯುತ್ತದೆಂದು ಹಾಗೇ ಬಿಟ್ಟರು. ಮೇವು ಹಾಕುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಸೀರೆಯ ಸೆರಗು, ಬಳೆ, ಬೆರಳು ಎಲ್ಲವೂ ಆ ಬೆಲ್ಟಿನ ಮಗ್ಗುಲಲ್ಲೇ. ಆ ಮುಚ್ಚಳಕ್ಕೆ ಬೇಕಾದದ್ದು ಆರು ಎಂಎಂನ ನಾಲ್ಕು ಬೋಲ್ಟು, ನಾಲ್ಕು ವಾಶರು, ನಾಲ್ಕು ನೈಲಾಕ್ ನಟ್ಟು, ಹತ್ತರ ಪಾನಾ. ಇವಕ್ಕಾಗಿ ಮಿರಜದವರೆಗೆ ಹೋಗಬೇಕಿಲ್ಲ, ಐನಾಪುರದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಕೇಳಬಹುದು.