ಗಾಡಿಯ ಹೆಸರು ಬೇಡ, ಮುಚ್ಚಳ ತೆರೆದು ನೋಡಿ

ಎಲೆಕ್ಟ್ರಿಕ್ ಗಾಡಿಗಳ ಚಾರ್ಜಿಂಗ್ ಅಡಾಪ್ಟರ್ ಬಾಡಿಗೆಗೆ ಕೊಡುವ ವೆಬ್‌ಸೈಟಿಗೆ ಏನೇನು ಬೇಕು? ಕಂಪನಿ ಯಾವುದು, ಮಾಡೆಲ್ ಯಾವುದು ಎಂದು ಕೇಳುವ ಪಟ್ಟಿ, ಅದಕ್ಕೆ ಹೊಂದುವ ಅಡಾಪ್ಟರಿನ ಫೋಟೊ, ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಈ ನಾಲ್ಕರಲ್ಲಿ ಎಲ್ಲಿಂದ ಒಯ್ಯುತ್ತೀರಿ ಎಂಬ ಪ್ರಶ್ನೆ, ಕೊನೆಗೆ ಡಿಪಾಸಿಟ್. ಮಣಿಪಾಲದ ಸಣ್ಣದೊಂದು ತಂಡಕ್ಕಾಗಿ ಈ ಪುಟದ ವಿನ್ಯಾಸಕ್ಕೆ ಕೂತಾಗ ಎಲ್ಲರ ಮನಸ್ಸಿನಲ್ಲಿದ್ದದ್ದು ಇಷ್ಟೇ. ಮೊದಲು ತಕರಾರು ತೆಗೆದದ್ದು ಟಾಟಾ ಟಿಗೋರ್. 2019ರ ಟಿಗೋರ್ ಇವಿಗೆ ಫಾಸ್ಟ್ ಚಾರ್ಜಿಂಗ್ ಸಾಕೆಟ್ ಜಿಬಿ/ಟಿ ಮಾದರಿಯದು. 2021ರಲ್ಲಿ ಬಂದ ಟಿಗೋರ್ ಇವಿಗೆ ಸಿಸಿಎಸ್ 2. ಹೆಸರು ಅದೇ, ಒಂದರ ಪ್ಲಗ್ಗು ಇನ್ನೊಂದಕ್ಕೆ ಹೋಗುವುದಿಲ್ಲ.

ಹಾಗಾದರೆ ವರ್ಷವನ್ನೂ ಕೇಳೋಣ ಎಂದುಕೊಂಡೆವು. ಅಷ್ಟರಲ್ಲಿ ಕಾರ್ಕಳದಿಂದ ಹಿರಿಯರೊಬ್ಬರು ಫೋನ್ ಮಾಡಿದರು. ಯಾವ ವರ್ಷದ ಗಾಡಿ ಎಂದರೆ, “ಸೆಕೆಂಡ್ ಹ್ಯಾಂಡ್ ಮಾರಾಯ್ರೆ, ಆರ್‌ಸಿ ನೋಡಿಯೇ ಹೇಳ್ಬೇಕು. ಮೇಲೆ ಒಂದು ಉರುಟು, ಅದರ ಕೆಳಗೆ ಎರಡು ದೊಡ್ಡ ಕಣ್ಣು ಉಂಟು. ಸಾಕಾ?” ಎಂದು ಕೇಳಿದರು. ಸಾಕೇ ಸಾಕು. ಮೇಲಿನ ಉರುಟು ಟೈಪ್ 2, ಕೆಳಗಿನ ಎರಡು ಕಣ್ಣು ಡಿಸಿ ಪಿನ್ನುಗಳದ್ದು. ಎರಡೂ ಕೂಡಿದರೆ ಸಿಸಿಎಸ್ 2. ಕಂಪನಿಯ ಪಟ್ಟಿ, ಮಾಡೆಲ್ಲಿನ ಪಟ್ಟಿ, ವರ್ಷದ ಪಟ್ಟಿ ಮೂರೂ ಸೇರಿ ಹೇಳಲಾಗದ್ದನ್ನು ಅವರು ಅರೆ ಕ್ಷಣದಲ್ಲಿ ಹೇಳಿ ಮುಗಿಸಿದ್ದರು.

ಪುಟದ ಮೊದಲ ಪ್ರಶ್ನೆ ಅಂದೇ ಬದಲಾಯಿತು: “ನಿಮ್ಮ ಗಾಡಿಯ ಚಾರ್ಜಿಂಗ್ ಮುಚ್ಚಳ ತೆರೆಯಿರಿ. ಕಾಣುವುದು ಇವುಗಳಲ್ಲಿ ಯಾವುದು?” ಕೆಳಗೆ ಬರೇ ಗೆರೆಯ ಚಿತ್ರಗಳು. ಫೋಟೊ ಹಾಕಲಿಲ್ಲ. ಹೆಬ್ರಿ ದಾಟಿ ಆಗುಂಬೆ ಕಡೆಗೆ ಹೊರಟವರ ಮೊಬೈಲಿನಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುವಾಗ ಫೋಟೊ ಇಳಿಯುವುದಿಲ್ಲ, ಗೆರೆ ಇಳಿಯುತ್ತದೆ. ಎರಡನೆಯ ಪ್ರಶ್ನೆಯೂ ಇದರದೇ ಜೋಡಿ: “ಚಾರ್ಜ್ ಮಾಡುವ ಜಾಗದಲ್ಲಿರುವ ಪ್ಲಗ್ಗು ಯಾವುದು?” ಈ ಎರಡು ಚಿತ್ರಗಳ ನಡುವೆ ಕೂರುವ ವಸ್ತುವೇ ಅಡಾಪ್ಟರ್. ಗಾಡಿಯ ಹೆಸರು ಕೇಳುವ ಅಗತ್ಯವೇ ಬರಲಿಲ್ಲ.

ಚಿತ್ರಗಳನ್ನು ಸಾಲಾಗಿ ಜೋಡಿಸುವಾಗ ಇಷ್ಟೊಂದು ಆಕಾರಗಳು ಬಂದದ್ದಾದರೂ ಎಲ್ಲಿಂದ ಎಂದು ಹುಡುಕಬೇಕಾಯಿತು. 2001ರಲ್ಲಿ ಬೆಂಗಳೂರಿನಿಂದ ರಸ್ತೆಗಿಳಿದ ಚೇತನ್ ಮೈನಿಯವರ ರೇವಾ ಕಾರಿಗೆ ಈ ರಗಳೆ ಇರಲಿಲ್ಲ. ಗೀಸರ್ ಹಾಕುವ 15 ಆಂಪಿಯರ್ ಪ್ಲಗ್ಗಿಗೇ ಅದನ್ನೂ ಹಾಕಿ ರಾತ್ರಿ ಮಲಗಿದರಾಯಿತು. ಬೇಗ ಚಾರ್ಜ್ ಆಗಬೇಕು ಎಂಬ ಅವಸರ ಶುರುವಾದ ಮೇಲೆ ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು. ಜಪಾನಿನ ಕಂಪನಿಗಳು 2010ರಲ್ಲಿ ಚಾಡೆಮೊ ಸಂಘ ಕಟ್ಟಿದವು. ಜರ್ಮನಿಯ ಮೆನ್ನೆಕೆಸ್ ಕಂಪನಿಯ ವಿನ್ಯಾಸ ಟೈಪ್ 2 ಆಗಿ ಯುರೋಪನ್ನು ಗೆದ್ದಿತು. ಚೀನಾ ಜಿಬಿ/ಟಿ ಮಾಡಿಕೊಂಡಿತು. ನಮ್ಮಲ್ಲಿ 2017ರಲ್ಲಿ ಭಾರತ್ ಎಸಿ-001 ಮತ್ತು ಡಿಸಿ-001 ಬಂದವು. ಎಸಿ-001ರ ಕಂಬದಲ್ಲಿ ಕಾರ್ಖಾನೆಗಳಲ್ಲಿ ಕಾಣುವ ನೀಲಿ ಸಾಕೆಟ್ಟುಗಳು ಮೂರು, ಒಂದೊಂದಕ್ಕೆ 3.3 ಕಿಲೋವ್ಯಾಟ್, 15 ಕಿಲೋವ್ಯಾಟಿನ ಡಿಸಿ-001ಕ್ಕೆ ಚೀನಾದ ಜಿಬಿ/ಟಿ ಗನ್. ಕರ್ನಾಟಕ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದೂ ಅದೇ 2017ರಲ್ಲಿ. ಆದರೆ 2019–20ರ ಹೊತ್ತಿಗೆ ಬಂದ ಕೋನಾ, ನೆಕ್ಸಾನ್, ಝಡ್‌ಎಸ್ ಕಾರುಗಳೆಲ್ಲ ಸಿಸಿಎಸ್ 2 ಇಟ್ಟುಕೊಂಡೇ ಬಂದವು. ನೀಲಿ ಸಾಕೆಟ್ಟಿನ ಎದುರು ತ್ರೀ-ಪಿನ್ ಚಾರ್ಜರ್ ಹಿಡಿದುಕೊಂಡು ನಿಂತ ಕಾರಿನವರಿಗಾಗಿ ಹುಟ್ಟಿದ್ದು ನಮ್ಮ ಪಟ್ಟಿಯ ಮೊದಲ ಅಡಾಪ್ಟರ್.

ಸ್ಕೂಟರಿನ ಕತೆ ಬೇರೆ. ಐಐಟಿ ಮದ್ರಾಸಿನ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ 2013ರಲ್ಲಿ ಕಟ್ಟಿದ ಏಥರ್ ಕಂಪನಿ ಬೆಂಗಳೂರಿಗೆ ಬಂದು, 2018ರಲ್ಲಿ 450 ಸ್ಕೂಟರನ್ನು ಮಾರುಕಟ್ಟೆಗೆ ಬಿಟ್ಟಿತು. ಕಾರಿನ ಗನ್ನು ಸ್ಕೂಟರಿಗೆ ದೊಡ್ಡದು, ಭಾರ. ನಿಧಾನದ ಚಾರ್ಜಿಗೂ ವೇಗದ ಚಾರ್ಜಿಗೂ ಒಂದೇ ಸಾಕೆಟ್ ಸಾಕಾಗುವಂಥ ಪುಟ್ಟ ಕನೆಕ್ಟರನ್ನು ಅವರೇ ರೂಪಿಸಿಕೊಂಡರು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ ನಡೆದದ್ದು 2021ರ ಆಗಸ್ಟ್‌ನಲ್ಲಿ: ಆ ಕನೆಕ್ಟರನ್ನು ಬೇರೆ ಕಂಪನಿಗಳೂ ಬಳಸಬಹುದು ಎಂದು ಏಥರ್ ಬಿಟ್ಟುಕೊಟ್ಟಿತು. ಹೀರೊ ತನ್ನ ವಿಡಾ ಸ್ಕೂಟರಿಗೆ ಅದನ್ನೇ ಆರಿಸಿಕೊಂಡಿತು. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಅದರ ಮೇಲೆ ಕಟ್ಟಿದ ಮಾನದಂಡಕ್ಕೆ, ಐಎಸ್ 17017 ಭಾಗ 2, ಸೆಕ್ಷನ್ 7 ಎಂದು ಮುದ್ರೆಯೊತ್ತಿತು. ಎಸಿ, ಡಿಸಿ ಎರಡಕ್ಕೂ ಸಲ್ಲುವ ಇಂಥ ಕನೆಕ್ಟರ್ ಮಾನದಂಡ ನಮ್ಮ ದೇಶದಲ್ಲೇ ರೂಪುಗೊಂಡದ್ದು ಅದೇ ಮೊದಲು. ಇದು ಹಬ್ಬಿದಷ್ಟೂ ಸ್ಕೂಟರಿನವರಿಗೆ ಅಡಾಪ್ಟರಿನ ಹಂಗು ಕಡಿಮೆ. ಆದ್ದರಿಂದ ಪುಟದ ಪ್ರತಿ ಚಿತ್ರವನ್ನೂ ಬಿಡಿಯಾಗಿ ಇಟ್ಟಿದ್ದೇವೆ. ಬೇಡವಾದ ದಿನ ಒಂದನ್ನು ಕಿತ್ತರೆ ಉಳಿದವು ಅಲುಗುವುದಿಲ್ಲ.

ಅಲ್ಲಿಯವರೆಗೆ ಮಣಿಪಾಲದ ಹುಡುಗ ಹುಡುಗಿಯರು ತಮ್ಮ ಸ್ಕೂಟರಿಗಾಗಿ ಹೆಚ್ಚು ಕೇಳುವುದು ಟೈಪ್ 2ರಿಂದ ತ್ರೀ-ಪಿನ್‌ಗೆ ಬದಲಿಸುವ ಅಡಾಪ್ಟರ್. ಮೂರನೆಯ ಮಾಳಿಗೆಯ ಬಾಡಿಗೆ ರೂಮಿನಿಂದ ವೈರ್ ಇಳಿಬಿಡಲಾಗದು. ಕೆಳಗೆಲ್ಲೋ ಕಾರಿನ ಚಾರ್ಜರ್ ಖಾಲಿ ನಿಂತಿರುತ್ತದೆ. ನಿಜವಾದ ಆವಿಷ್ಕಾರ ಆದದ್ದು ಈ ಅಡಾಪ್ಟರನ್ನು ಮೇಜಿನ ಮೇಲಿಟ್ಟುಕೊಂಡು ಕೂತಾಗ.

ಟೈಪ್ 2 ಪ್ಲಗ್ಗಿನಲ್ಲಿ ಏಳು ಪಿನ್. ಮೂರು ಫೇಸ್, ಒಂದು ನ್ಯೂಟ್ರಲ್, ನಟ್ಟನಡುವೆ ಅರ್ತ್, ಮೇಲೆ ಸಣ್ಣವೆರಡು. ಆ ಸಣ್ಣವೆರಡರಲ್ಲಿ ಕರೆಂಟು ಹರಿಯುವುದಿಲ್ಲ, ಮಾತು ನಡೆಯುತ್ತದೆ. ಕಂಟ್ರೋಲ್ ಪೈಲಟ್ ಎಂಬ ಪಿನ್ನಿನಲ್ಲಿ ಚಾರ್ಜರ್ 12 ವೋಲ್ಟ್ ಇಟ್ಟು ಕಾಯುತ್ತದೆ. ಗಾಡಿ ಸಿಕ್ಕಿಸಿದಾಗ ಅದು 9ಕ್ಕೆ ಇಳಿಯುತ್ತದೆ, ಗಾಡಿ ತಯಾರಾದಾಗ 6ಕ್ಕೆ. ಆಗ ಮಾತ್ರ ಒಳಗಿನ ಸ್ವಿಚ್ ಬಿದ್ದು ಕರೆಂಟು ಬರುತ್ತದೆ. ಎಷ್ಟು ಆಂಪಿಯರ್ ಎಳೆಯಬಹುದು ಎಂಬುದನ್ನೂ ಅದೇ ಪಿನ್ನು ಸೆಕೆಂಡಿಗೆ 1,000 ಮಿಡಿತಗಳಲ್ಲಿ ಹೇಳುತ್ತಿರುತ್ತದೆ. ತ್ರೀ-ಪಿನ್ ಅಡಾಪ್ಟರಿನಲ್ಲಿ ಗಾಡಿಯೇ ಇಲ್ಲ. ಒಂದು ಡಯೋಡು, ಒಂದೆರಡು ರೆಸಿಸ್ಟರುಗಳು ಗಾಡಿಯ ವೇಷ ಹಾಕಿ ‘ತಯಾರು’ ಎನ್ನುತ್ತವೆ. ಚಾರ್ಜರ್ 32 ಆಂಪಿಯರ್ ಕೊಡಲು ಒಪ್ಪುತ್ತದೆ, ತ್ರೀ-ಪಿನ್ ಸಾಕೆಟ್ ತಾಳುವುದು 16. ಮಿತಿ ಹೇಳಿದರೂ ಕೇಳಿಸಿಕೊಳ್ಳುವವರು ಆಚೆ ಬದಿಯಲ್ಲಿ ಯಾರೂ ಇಲ್ಲ.

ಇನ್ನೊಂದು ಸಣ್ಣ ಪಿನ್ನು ವೈರಿನ ತಾಕತ್ತು ಹೇಳುತ್ತದೆ. ಅದಕ್ಕೂ ಅರ್ತ್‌ಗೂ ನಡುವೆ ಒಂದು ರೆಸಿಸ್ಟರ್: 1,500 ಓಮ್ ಇದ್ದರೆ 13 ಆಂಪಿಯರ್, 680 ಇದ್ದರೆ 20, 220 ಇದ್ದರೆ 32. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ನಡುವಿನ ಪಿನ್ನಿಗೆ, ಇನ್ನೊಂದನ್ನು ಈ ಸಣ್ಣ ಪಿನ್ನಿಗೆ ಇಟ್ಟರೆ, ಅಡಾಪ್ಟರನ್ನು ಬಿಚ್ಚದೆಯೇ ಅದರ ಸತ್ಯ ತಿಳಿಯುತ್ತದೆ. ತ್ರೀ-ಪಿನ್ ಸಾಕೆಟ್ ಇಟ್ಟುಕೊಂಡು 220 ಓಮ್ ತೋರಿಸಿದರೆ ಅದು ಸುಳ್ಳು ಹೇಳುವ ಅಡಾಪ್ಟರ್. ಅಂಥದ್ದನ್ನು ಬಾಡಿಗೆಗೆ ಕೊಡಬಾರದು. 16 ಆಂಪಿಯರಿನ ಎಂಸಿಬಿ ಮೈಯಲ್ಲೇ ಇಲ್ಲದ್ದನ್ನೂ ಕೊಡಬಾರದು. ಚಾರ್ಜರಿಗೇ ಗನ್ನು ಜೋಡಿಸಿರುವ ಕಡೆ ಉಳಿಯುವ ಕಾವಲು ಅದೊಂದೇ. ಹೀಗೆ ಪುಟದಲ್ಲಿ ಪ್ರತಿ ಅಡಾಪ್ಟರಿನ ಬೆಲೆಯ ಪಕ್ಕ ಅಳೆದ ಓಮ್, ಎಂಸಿಬಿಯ ಆಂಪಿಯರ್, ಕೊನೆಯ ಬಾರಿ ಪರೀಕ್ಷಿಸಿದ ತಾರೀಕು ಮೂರೂ ಬಂದು ಕೂತವು. ಗಿರಾಕಿಗೆ ಓಮ್ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಅಳೆದೇ ಬರೆಯಬೇಕಾದ ಜಾಗ ಅಲ್ಲಿದ್ದರೆ ಕೊಡುವವರು ಅಳೆಯದೆ ಕೊಡುವಂತಿಲ್ಲ.

ಡಿಸಿ ಅಡಾಪ್ಟರ್ ಮಾತ್ರ ಇಡುವುದಿಲ್ಲ ಎಂದು ನಿರ್ಧರಿಸಿದೆವು. ನೂರಾರು ವೋಲ್ಟಿನ ಡಿಸಿ ಹರಿಯುವಾಗ ಗನ್ನು ಕಳಚದಂತೆ ಗಾಡಿ ಬೀಗ ಹಾಕಿಕೊಳ್ಳುತ್ತದೆ, ಪಿನ್ನಿನ ಬಿಸಿಯನ್ನು ಸೆನ್ಸರ್ ಕಾಯುತ್ತದೆ. ನಡುವೆ ಇನ್ನೊಂದು ಸಂದು ಬಂದರೆ ಅದು ಆ ಕಾವಲಿನ ಹೊರಗೆ ಉಳಿಯಬಹುದು. ಕೈಯಿಂದ ಕೈಗೆ ಹೋಗುವ ಬಾಡಿಗೆ ಸಾಮಾನಿಗೆ ಅದು ಸಲ್ಲದು.

ಕೊನೆಗೆ ಉಳಿದದ್ದು ನಮ್ಮ ನೆಲದ ಸಮಸ್ಯೆ. ಕಾಪುವಿನ ಕಡಲ ಬದಿಯ ಹಳೆ ಮನೆಯೊಂದರಿಂದ ಅಡಾಪ್ಟರ್ ‘ಹಾಳಾಗಿದೆ’ ಎಂದು ವಾಪಸ್ ಬಂತು. ಪರೀಕ್ಷಿಸಿದರೆ ಅದಕ್ಕೇನೂ ಆಗಿರಲಿಲ್ಲ. ಆ ಮನೆಯ ಪ್ಲಗ್ಗಿಗೆ ಅರ್ತಿಂಗೇ ಬಂದಿರಲಿಲ್ಲ; ಕಾರಿನ ಪೋರ್ಟಬಲ್ ಚಾರ್ಜರ್ ಅದನ್ನು ಗುರುತಿಸಿ ಕೆಂಪು ದೀಪ ತೋರಿಸಿ ಸುಮ್ಮನಾಗಿತ್ತು. ಅದು ಸುಮ್ಮನಾದದ್ದೇ ಸರಿ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಇದ್ದ ಅರ್ತಿಂಗೂ ದುರ್ಬಲವಾಗುತ್ತದೆ, ಗುಂಡಿಗೆ ನೀರು ಹಾಕುತ್ತಿರಬೇಕು. ಈಗ ಪುಟದ ಮೂರನೆಯ ಪ್ರಶ್ನೆ ಚಾರ್ಜ್ ಮಾಡುವ ಜಾಗದ ಅರ್ತಿಂಗ್ ಬಗ್ಗೆ. ಗೊತ್ತಿಲ್ಲ ಎಂದು ಒತ್ತಿದವರ ಚೀಲದಲ್ಲಿ ಮೂರು ದೀಪದ ಸಾಕೆಟ್ ಟೆಸ್ಟರನ್ನೂ ಇಡುತ್ತೇವೆ. ಅರ್ತ್ ಇದೆಯೋ ಇಲ್ಲವೋ ಅಷ್ಟನ್ನು ಅದು ಹೇಳುತ್ತದೆ. ದುರ್ಬಲವಾಗಿದ್ದರೆ ಎಲೆಕ್ಟ್ರಿಷಿಯನ್ನೇ ಬಂದು ನೋಡಬೇಕು. ಟೆಸ್ಟರಿಗೆ ಬಾಡಿಗೆ ಇಲ್ಲ.