ಸೆರೆಮನೆಯಿಂದ ಬಂದ ಸಾಕ್ಷ್ಯ

ಅಧ್ಯಾಪಕ ವೃತ್ತಿಯಲ್ಲಿ ಇದ್ದವರಿಗೆಲ್ಲ ಎರಡು ಬಗೆಯ ನಮಸ್ಕಾರಗಳ ಪರಿಚಯ ಇರುತ್ತದೆ. ಒಂದು, ಪರೀಕ್ಷೆಗೆ ಮುಂಚೆ ಬರುವ ನಮಸ್ಕಾರ. ಇನ್ನೊಂದು, ಹತ್ತು ವರ್ಷಗಳಾದ ಮೇಲೆ ಸಂತೆಯ ಗದ್ದಲದಲ್ಲಿ ಯಾರೋ ಬಂದು ಮಾಡುವ ನಮಸ್ಕಾರ. ಮೊದಲನೆಯದನ್ನು ನಾನು ನಗುತ್ತಲೇ ಸ್ವೀಕರಿಸಿದ್ದೇನೆ, ಆದರೆ ಅದನ್ನು ಎಂದೂ ಲೆಕ್ಕಕ್ಕೆ ಹಿಡಿದವನಲ್ಲ. ಎರಡನೆಯದು ಬಂದ ದಿನ ಮನೆಗೆ ಹೋದ ಮೇಲೂ ಅದರ ನೆನಪು ಮನಸ್ಸಿನಲ್ಲಿ ಸುಳಿಯುತ್ತಿರುತ್ತದೆ. ಕೃತಜ್ಞತೆಯನ್ನು ಅಳೆಯಲು ಇದಕ್ಕಿಂತ ಬೇರೆ ಕೋಲು ನನಗೆ ತಿಳಿಯದು. ಅದರಿಂದ ಯಾವ ಲಾಭವೂ ಇಲ್ಲದಾಗ ಅದು ಉಳಿಯುತ್ತದೆಯೇ ಎಂಬುದೇ ಪ್ರಶ್ನೆ.

ಈ ಮಾತನ್ನು ಸೆರೆಮನೆಗೆ ಅನ್ವಯಿಸಿದರೆ ಪ್ರಶ್ನೆ ಇನ್ನೂ ಕಠಿನವಾಗುತ್ತದೆ. ಊಟ, ನಿದ್ರೆ, ಬೆಳಕು, ಬಿಡುಗಡೆಯ ದಿನ ಎಲ್ಲವೂ ಒಬ್ಬರ ಕೈಯಲ್ಲಿರುವಾಗ, ಅಂಥವರನ್ನು ಕೈದಿ ಹೊಗಳಿದರೆ ಯಾರು ನಂಬಬೇಕು? ಈ ಸಂಶಯಕ್ಕೆ ಚರಿತ್ರೆಯೇ ಉತ್ತರ ಕೊಟ್ಟ ಒಂದು ಪ್ರಸಂಗ ಉಂಟು. ಅದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರೇಮಿಂಗ್‌ಹ್ಯಾಮ್‌ನಲ್ಲಿರುವ ಹೆಂಗಸರ ಸೆರೆಮನೆಗೆ ಸೇರಿದ್ದು. 1949ರ ಮೊದಲ ಮೂರು ತಿಂಗಳಲ್ಲಿ ಅಲ್ಲಿ ನಡೆದುದನ್ನು ಓದಿದಾಗಿನಿಂದ ನನಗೆ ಅದನ್ನು ಮರೆಯಲಾಗಿಲ್ಲ.

ಆ ಸೆರೆಮನೆ 1877ರಲ್ಲಿ ತೆರೆಯಿತು. ಗಂಡಸರ ಕಾರಾಗೃಹದ ಒಂದು ಮೂಲೆಯಲ್ಲಿ ಹೆಂಗಸರನ್ನು ಕೂಡಿಹಾಕುವುದು ತಪ್ಪು, ಅವರಿಗೆ ಬೇರೆಯೇ ಒಂದು ಆಲಯ ಬೇಕು, ಅದನ್ನು ಹೆಂಗಸರೇ ನಡೆಸಬೇಕು ಎಂದು ಅಲ್ಲಿನ ಮಹಿಳೆಯರು ಹೋರಾಡಿದ್ದರ ಫಲ ಅದು. 1932ರಲ್ಲಿ ಅದರ ಸೂಪರಿಂಟೆಂಡೆಂಟ್ ಆಗಿ ಬಂದವರು ಡಾಕ್ಟರ್ ಮಿರಿಯಂ ವ್ಯಾನ್ ವಾಟರ್ಸ್. 1887ರಲ್ಲಿ ಒಬ್ಬ ಪಾದ್ರಿಯ ಮಗಳಾಗಿ ಹುಟ್ಟಿ, ಕ್ಲಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರವನ್ನು ಓದಿ, 1913ರಲ್ಲಿ ಡಾಕ್ಟರೇಟ್ ಪಡೆದಾಕೆ. ಪ್ರಾಧ್ಯಾಪಕಿಯಾಗಿ ನೆಮ್ಮದಿಯಾಗಿ ಇರಬಹುದಾಗಿದ್ದ ಈ ವಿದುಷಿ, ಲಾಸ್ ಏಂಜಲೀಸಿನ ಬಾಲಾಪರಾಧಿಗಳ ನಡುವೆ ತಮ್ಮ ಯೌವನವನ್ನು ಕಳೆದರು. ತಪ್ಪು ಮಾಡಿದ ಎಳೆಯರನ್ನು ಕುರಿತು 1925ರಲ್ಲಿ ಒಂದು ಗ್ರಂಥವನ್ನೂ ಬರೆದರು.

ಫ್ರೇಮಿಂಗ್‌ಹ್ಯಾಮ್‌ಗೆ ಬರುತ್ತಿದ್ದ ಹೆಂಗಸರೆಲ್ಲ ಕೊಲೆ ಸುಲಿಗೆ ಮಾಡಿದವರೆಂದು ತಿಳಿಯಬಾರದು. ಅಂಥವರೂ ಇದ್ದರು. ಆದರೆ ಕುಡಿತ, ಅಲೆದಾಟ, ವ್ಯಭಿಚಾರ, ಮದುವೆಯಿಲ್ಲದೆ ಗರ್ಭಿಣಿಯಾದದ್ದು, ಹಟಮಾರಿತನ, ಇಂಥ ಕಾರಣಗಳಿಗಾಗಿ ಬಂದವರು ಬಹಳ. ಗಂಡಸು ಮಾಡಿದರೆ ಊರು ನಕ್ಕು ಸುಮ್ಮನಾಗುವ ತಪ್ಪಿಗೆ ಹೆಣ್ಣು ಸೆರೆಯನ್ನು ಅನುಭವಿಸುವ ನ್ಯಾಯ ಅದು. ಹೆಣ್ಣಿಗೊಂದು ಗಂಡಿಗೊಂದು ತೂಕದ ಕಲ್ಲು ನಮ್ಮ ಊರುಗಳಲ್ಲಿಯೂ ಇದೆಯಾದ್ದರಿಂದ, ಇದನ್ನು ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಈಕೆ ಬಂದು ಮಾಡಿದ ಮೊದಲ ಬದಲಾವಣೆ ಒಂದು ಶಬ್ದದ್ದು. ಕೈದಿಗಳನ್ನು ಕೈದಿಗಳೆಂದು ಕರೆಯದೆ ‘ವಿದ್ಯಾರ್ಥಿನಿಯರು’ ಎಂದರು. ಹೆಸರು ಬದಲಿಸಿದ ಮಾತ್ರಕ್ಕೆ ಗೋಡೆ ಕರಗುವುದೇ ಎಂದು ಕೇಳಬಹುದು. ಕರಗದು. ಆದರೆ ಹೆಸರಿನ ಹಿಂದೆಯೇ ಕೆಲಸವೂ ಬಂದಿತು. ಸೆರೆಯಲ್ಲಿ ಹೆತ್ತ ತಾಯಂದಿರ ಕೂಸುಗಳಿಗೆ ಅಲ್ಲಿ ಶಿಶುಗೃಹ ಇತ್ತು. ಓದುಬರಹ, ಸಂಗೀತ, ನಾಟಕ, ಚರ್ಚಾಕೂಟಗಳು ನಡೆದವು. ಹಿಂದಿನ ಶತಮಾನದ ಒಂದು ಹಳೆಯ ಶಾಸನವನ್ನು ಹುಡುಕಿ ಹಿಡಿದು, ಶಿಕ್ಷೆ ಮುಗಿಯುವ ಮೊದಲೇ ಹೆಂಗಸರು ಹಗಲಲ್ಲಿ ಹೊರಗೆ ಹೋಗಿ ಆಸ್ಪತ್ರೆಗಳಲ್ಲಿ, ಮನೆಗಳಲ್ಲಿ ಸಂಬಳಕ್ಕೆ ದುಡಿದು ಬರುವ ಏರ್ಪಾಡನ್ನು ಮಾಡಿದರು. ಬಿಡುಗಡೆಯಾದ ಕೆಲವರನ್ನು ಅದೇ ಸಂಸ್ಥೆಯಲ್ಲಿ ನೌಕರಿಗೆ ತೆಗೆದುಕೊಂಡರು. ಯಾರೂ ನಂಬದವರನ್ನು ತಾವು ನಂಬುವುದೇ ಅವರ ಚಿಕಿತ್ಸೆ.

ಈ ನಂಬಿಕೆಯೇ ಮುಂದೆ ಅಪರಾಧವಾಯಿತು. 1947ರಲ್ಲಿ ಒಬ್ಬ ಕೈದಿ ಆತ್ಮಹತ್ಯೆ ಮಾಡಿಕೊಂಡಳು. ಅದರ ಬೆನ್ನಿಗೆ ವಿಚಾರಣೆಗಳೂ ಗುಸುಗುಸು ಮಾತುಗಳೂ ಬೆಳೆದವು. ಶಿಸ್ತು ಸಡಿಲವಾಗಿದೆ, ಕೈದಿಗಳನ್ನು ಹೊರಗೆ ಬಿಡಲಾಗುತ್ತಿದೆ, ಮಾಜಿ ಕೈದಿಗಳಿಗೆ ಅಧಿಕಾರ ಕೊಡಲಾಗಿದೆ, ಹೆಂಗಸರ ಪರಸ್ಪರ ಪ್ರಣಯವನ್ನು ಕಂಡೂ ಕಾಣದಂತೆ ಇದ್ದಾರೆ ಎಂಬ ಆರೋಪಗಳು ಬಂದವು. 1949ರ ಜನವರಿ 7ರಂದು ಸಂಸ್ಥಾನದ ಕಾರಾಗೃಹ ಇಲಾಖೆಯ ಕಮಿಷನರ್ ಎಲಿಯಟ್ ಮೆಕ್‌ಡೊವೆಲ್ ಆಕೆಯನ್ನು ಕೆಲಸದಿಂದ ತೆಗೆದರು.

ಆಕೆ ಸುಮ್ಮನೆ ಹೋಗಲಿಲ್ಲ, ಬಹಿರಂಗ ವಿಚಾರಣೆಯನ್ನು ಕೇಳಿದರು. ವಿಚಿತ್ರವೆಂದರೆ, ಮೊದಲ ವಿಚಾರಣೆಗೆ ನ್ಯಾಯಾಧೀಶರಾಗಿ ಕುಳಿತವರು ಆಕೆಯನ್ನು ತೆಗೆದುಹಾಕಿದ್ದ ಆ ಕಮಿಷನರೇ. ದೂರು ಕೊಟ್ಟವರೇ ತೀರ್ಪನ್ನೂ ಕೊಟ್ಟರೆ ಫಲವೇನೆಂದು ಹೇಳಬೇಕೇ? ಫೆಬ್ರವರಿಯಲ್ಲಿ ಅವರು ತಮ್ಮ ಆಜ್ಞೆಯನ್ನೇ ಎತ್ತಿಹಿಡಿದರು. ಆಮೇಲೆ ಗವರ್ನರ್ ಪಾಲ್ ಡೆವರ್ ಮೂವರು ನಿಷ್ಪಕ್ಷಪಾತಿಗಳ ಮಂಡಲಿಯನ್ನು ನೇಮಿಸಿದರು. ಹಾರ್ವರ್ಡ್ ನ್ಯಾಯಶಾಸ್ತ್ರ ಶಾಲೆಯ ಡೀನ್ ಅರ್ವಿನ್ ಗ್ರಿಸ್ವಾಲ್ಡ್ ಅದರ ಅಧ್ಯಕ್ಷರು.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಸಂಗತಿ ಇಲ್ಲಿದೆ. ಎಲಿನರ್ ರೂಸ್‌ವೆಲ್ಟರಂಥ ಹಿರಿಯರು ಆಕೆಯ ಪರವಾಗಿ ನಿಂತದ್ದು ದೊಡ್ಡದೇ, ಆದರೆ ಅದರಿಂದ ಅವರು ಕಳೆದುಕೊಳ್ಳುವುದು ಏನೂ ಇರಲಿಲ್ಲ. ಅವರ ಜೊತೆಗೆ ಬೇರೊಂದು ಬಗೆಯ ಸಾಕ್ಷಿಗಳು ಬಂದರು. ಅವರು ಆ ಸೆರೆಮನೆಯಿಂದ ಬಿಡುಗಡೆ ಹೊಂದಿದ್ದ ಹೆಂಗಸರು. ಸೆರೆಯಿಂದ ಹೊರಬಂದ ಹೆಣ್ಣಿಗೆ ಇರುವ ಒಂದೇ ಆಸ್ತಿ ಮರೆವು. ತನ್ನ ಹಿಂದಿನದನ್ನು ನೆರೆಹೊರೆಯವರು ಅರಿಯದಿರುವುದು, ಅರಿತವರು ಮರೆತಿರುವುದು. ಪತ್ರಿಕೆಯವರೂ ಕುತೂಹಲಿಗಳೂ ಕಿಕ್ಕಿರಿದ ಸಭೆಯಲ್ಲಿ ಎದ್ದು ನಿಂತು “ನಾನು ಅಲ್ಲಿದ್ದೆ” ಎಂದರೆ ಆ ಆಸ್ತಿ ಅಲ್ಲಿಗೆ ಮುಗಿಯಿತು. ಅಲ್ಲದೆ ಆಗ ಆಕೆ ಅಧಿಕಾರಿಣಿಯೂ ಅಲ್ಲ. ಕೆಲಸ ಕಳೆದುಕೊಂಡ ಅರವತ್ತೊಂದು ವಯಸ್ಸಿನ ಮುದುಕಿ. ಆಕೆಯಿಂದ ಯಾರಿಗೂ ಏನೂ ದೊರೆಯುವಂತಿರಲಿಲ್ಲ. ಆದರೂ ಅವರು ಬಂದರು, ಮಾತನಾಡಿದರು. ಪರೀಕ್ಷೆಗೆ ಮುಂಚಿನ ನಮಸ್ಕಾರ ಅದಲ್ಲ.

1949ರ ಮಾರ್ಚ್ 11ರಂದು ಮಂಡಲಿ ತೀರ್ಪು ಕೊಟ್ಟಿತು: ಆಕೆಯನ್ನು ತೆಗೆದದ್ದು ನ್ಯಾಯವಲ್ಲ. ಸೆರೆಮನೆಗೆ ಮರಳಿದ ಆಕೆಯನ್ನು ಒಳಗಿದ್ದ ಹೆಂಗಸರು ಹರ್ಷೋದ್ಗಾರದಿಂದ ಬರಮಾಡಿಕೊಂಡರು. ತಮ್ಮನ್ನು ಬಂಧಿಸಿಟ್ಟ ಮನೆಯ ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಬಂದಿಗಳೇ ಹಂಬಲಿಸಿದ ಸಂದರ್ಭಗಳು ಚರಿತ್ರೆಯಲ್ಲಿ ಹೆಚ್ಚಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಪುಣ್ಯಕಥೆ ಆಗಿಬಿಡುತ್ತದೆ. ಆಕೆಗೂ ಮಿತಿಗಳಿದ್ದವು. ಸೆರೆಮನೆಯನ್ನು ಕುಟುಂಬವೆಂದೂ ತಮ್ಮನ್ನು ತಾಯಿಯೆಂದೂ ಭಾವಿಸುವುದರಲ್ಲಿ ಒಂದು ಅಪಾಯವಿದೆ. ತಾಯಿಯ ಮನೆಯಲ್ಲಿ ಮಕ್ಕಳು ಎಂದಿಗೂ ದೊಡ್ಡವರಾಗುವುದಿಲ್ಲ. ಒಬ್ಬ ವ್ಯಕ್ತಿಯ ಒಳ್ಳೆಯತನವನ್ನು ನಂಬಿ ನಿಂತ ಸಂಸ್ಥೆ ಆ ವ್ಯಕ್ತಿ ಹೋದ ಮೇಲೆ ಏನಾಗುವುದು ಎಂಬ ಪ್ರಶ್ನೆಯೂ ಇದೆ. ಭಯವೂ ಆಕೆಯನ್ನು ಬಿಟ್ಟಿರಲಿಲ್ಲ. ತನಿಖೆ ಬಿಗಿಯಾಗುತ್ತಿದ್ದ 1948ರಲ್ಲಿ, ತಮ್ಮ ಜೀವದ ಗೆಳತಿ ಜೆರಾಲ್ಡಿನ್ ಥಾಂಪ್ಸನ್ ಹಲವು ವರ್ಷಗಳ ಕಾಲ ಬರೆದಿದ್ದ ಪತ್ರಗಳನ್ನು ಆಕೆ ತಮ್ಮ ಕೈಯಾರೆ ಸುಟ್ಟರು. ಅಷ್ಟು ಜನರ ಗುಟ್ಟುಗಳಿಗೆ ಆಶ್ರಯ ಕೊಟ್ಟಾಕೆಗೆ ತಮ್ಮ ಸ್ನೇಹದ ಕಾಗದಗಳನ್ನು ಇಟ್ಟುಕೊಳ್ಳಲು ಒಂದು ಎಡೆಯಿಲ್ಲದೆ ಹೋಯಿತು. ಇದನ್ನು ನೆನೆದಾಗ ನನಗೆ ಆಕೆಯ ಜಯಕ್ಕಿಂತ ಆ ಬೆಂಕಿಯೇ ಹೆಚ್ಚಾಗಿ ಕಾಡುತ್ತದೆ.

1957ರಲ್ಲಿ ನಿವೃತ್ತರಾದ ಮೇಲೂ ಆಕೆ ಊರು ಬಿಡಲಿಲ್ಲ. ಫ್ರೇಮಿಂಗ್‌ಹ್ಯಾಮ್‌ನಲ್ಲಿಯೇ ಇದ್ದು 1974ರಲ್ಲಿ ತೀರಿಕೊಂಡರು. 1996ರಲ್ಲಿ ಎಸ್ಟೆಲ್ ಫ್ರೀಡ್‌ಮನ್ ಎಂಬ ಇತಿಹಾಸಕಾರ್ತಿ ಆಕೆಯ ಜೀವನ ಚರಿತ್ರೆಯನ್ನು ಬರೆದರು. ಆಕೆಯ ಕಾಗದಪತ್ರಗಳು ಹಾರ್ವರ್ಡಿನ ಶ್ಲೆಸಿಂಜರ್ ಪುಸ್ತಕಾಲಯದಲ್ಲಿವೆ. ಸ್ನೇಹದ ಪತ್ರಗಳು ಬೂದಿಯಾದವು, ಆದರೆ ಸೆರೆಯಿಂದ ಹೋದ ಹೆಂಗಸರು ಬರೆದ ಪತ್ರಗಳು ಅಲ್ಲಿ ಉಳಿದಿವೆ.

ಕನ್ನಡದಲ್ಲಿ ಕಾರಾಗೃಹವನ್ನು ‘ಸೆರೆಮನೆ’ ಎನ್ನುತ್ತೇವೆ. ಸೆರೆಗೂ ಮನೆಗೂ ಎಲ್ಲಿಯ ಹೊಂದಿಕೆ ಎಂದು ಬಾಲ್ಯದಲ್ಲಿ ನಾನು ಯೋಚಿಸುತ್ತಿದ್ದೆ. ಸೆರೆಯನ್ನು ಕಟ್ಟುವುದು ಸರಕಾರಕ್ಕೆ ಸುಲಭ, ಅದಕ್ಕೆ ಕಲ್ಲು ಕಬ್ಬಿಣ ಸಾಕು. ಮನೆಯನ್ನು ಮಾತ್ರ ಯಾರಾದರೊಬ್ಬರು ಒಳಗೆ ಕುಳಿತು ದಿನದಿನವೂ ಕಟ್ಟಬೇಕಾಗುತ್ತದೆ. ಹಾಗೆ ಕಟ್ಟಿದರೋ ಇಲ್ಲವೋ ಎಂಬುದನ್ನು ಹೇಳಬಲ್ಲವರು ಆ ಮನೆಯಲ್ಲಿ ಇದ್ದು, ಬಾಗಿಲು ತೆರೆದ ಮೇಲೆ ಹೊರಗೆ ಹೋದವರು.