ಗಡಿಯೂರಿನ ಶಾಲೆಗೆ ಹಣ ಬರುವ ದಾರಿ

ದೂಧಗಂಗಾ, ವೇದಗಂಗಾ ನದಿಗಳು ಒಂದಾಗುವ ಎಡೆಯಲ್ಲಿ ಭೋಜ ಎಂಬ ಗ್ರಾಮವಿದೆ. ಜೈನ ಬಂಧುಗಳಿಗೆ ಅದು ಆಚಾರ್ಯ ಶಾಂತಿಸಾಗರರ ಊರು. ಉಳಿದವರಿಗೆ ಮಳೆಗಾಲದಲ್ಲಿ ಸೇತುವೆ ಮುಳುಗಿದ ಸುದ್ದಿಯೊಡನೆ ಪತ್ರಿಕೆಯಲ್ಲಿ ಕಾಣುವ ಹೆಸರು. ಇಂಥ ಊರಿನ ಸರಕಾರಿ ಶಾಲೆಗೆ ಸುಣ್ಣ ಬಳಿಯಲು, ಸೋರುವ ಮಾಳಿಗೆ ಸರಿಪಡಿಸಲು, ಸೀಮೆಸುಣ್ಣ ಕೊಳ್ಳಲು ಬೇಕಾದ ಹಣ ಎಲ್ಲಿಂದ ಬರುತ್ತದೆ, ಅದನ್ನು ಹಂಚುವವರು ಯಾರು? ಒಣ ವಿಷಯವೆಂದು ಕೇಳುಗರು ಮುಖ ತಿರುಗಿಸಬಾರದು. ಕನ್ನಡ ಶಾಲೆಯೊಂದು ಗಡಿಯಲ್ಲಿ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಈ ಲೆಕ್ಕದ ಸಾಲುಗಳಲ್ಲಿಯೇ ನಿರ್ಧಾರವಾಗುತ್ತದೆ.

ಈ ಸೀಮೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಸರಕಾರ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯಂತೆ ಸ್ಥಳೀಯ ಕರ ವಿಧಿಸಿ, ಅದರಲ್ಲಿ ಮೂರರಲ್ಲೊಂದು ಪಾಲನ್ನು ಶಾಲೆಗಳಿಗೆಂದು ತೆಗೆದಿರಿಸಿತು. ರೈತನಿಗೆ ತಾನು ಕೊಟ್ಟ ಆಣೆಯ ಗುರುತಿತ್ತು. 1923ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯಿದೆ ಶಾಲೆಗಳ ಆಡಳಿತವನ್ನು ಜಿಲ್ಲಾ ಲೋಕಲ್ ಬೋರ್ಡು, ಪುರಸಭೆಗಳಿಗೆ ಒಪ್ಪಿಸಿತು. ಶಿಕ್ಷಣ ವಿಸ್ತರಣೆಯಿಂದ ಹೆಚ್ಚುವ ವೆಚ್ಚದಲ್ಲಿ ಲೋಕಲ್ ಬೋರ್ಡಿಗೆ ಮೂರರಲ್ಲೆರಡು ಪಾಲು, ಪುರಸಭೆಗೆ ಅರ್ಧ ಪಾಲು ಸರಕಾರದ್ದು. ಹಳ್ಳಿಗೆ ಹೆಚ್ಚು, ಪಟ್ಟಣಕ್ಕೆ ಕಡಿಮೆ. ಅನುಕೂಲವುಳ್ಳವರು ತಮ್ಮ ಹೊರೆಯನ್ನು ತಾವೇ ಹೆಚ್ಚು ಹೊರಲಿ ಎಂಬ ಸರಳ ನ್ಯಾಯ.

ಅನಂತರದ ಮಾರ್ಪಾಟುಗಳನ್ನು ಬೇಗ ದಾಟೋಣ. 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. 1993ರ ಪಂಚಾಯತ್ ರಾಜ್ ಕಾಯಿದೆ ಜಿಲ್ಲೆ, ತಾಲೂಕು, ಗ್ರಾಮ ಎಂಬ ಮೂರು ಮೆಟ್ಟಿಲುಗಳನ್ನು ಕಟ್ಟಿತು. ರಾಜ್ಯದ ಆಯವ್ಯಯದೊಡನೆ ‘ಲಿಂಕ್ ಡಾಕ್ಯುಮೆಂಟ್’ ಎಂಬ ಪುಸ್ತಕವೊಂದು ಹೊರಬರುತ್ತದೆ. ಪಂಚಾಯತಿಗಳಿಗೆ ಯಾವ ಬಾಬಿಗೆ ಎಷ್ಟು ಎಂಬುದು ಅದರಲ್ಲಿ ಮೊದಲೇ ಅಚ್ಚಾಗಿರುತ್ತದೆ. ಅದರಲ್ಲಿ ದೊಡ್ಡ ಪಾಲು ಶಿಕ್ಷಕರ ವೇತನ. ವೇತನ ಪಂಚಾಯತಿಯ ಲೆಕ್ಕದ ಮೂಲಕ ಹರಿದರೂ ಶಿಕ್ಷಕರನ್ನು ನೇಮಿಸುವುದು ರಾಜ್ಯ ಸರಕಾರ. ಗಡಿಯಾಚೆ ಕೊಲ್ಲಾಪುರ ಜಿಲ್ಲೆಯಲ್ಲಿಯಾದರೋ ಪ್ರಾಥಮಿಕ ಶಿಕ್ಷಕರು ಜಿಲ್ಲಾ ಪರಿಷತ್ತಿನ ನೌಕರರೇ. ನಮ್ಮ ಪಂಚಾಯತಿಯನ್ನು ಕಾಲುವೆಗೆ ಹೋಲಿಸಬಹುದು, ಕೆರೆಗಲ್ಲ. ಆ ಕಾಲುವೆಯ ಮೇಲೂ ಜನರ ಕಣ್ಣು ತಪ್ಪಿದ ಕಾಲವುಂಟು: 2016ರಲ್ಲಿ ಚುನಾಯಿತವಾದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಅಧಿಕಾರಿಗಳೇ ಅವನ್ನು ನಡೆಸಿದರು.

ಶಾಲೆಯ ಕೈಗೆ ನೇರವಾಗಿ ಬರುವ ಹಣದ ಬಗೆ ಬೇರೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಅದರ ಶಾಲಾನುದಾನ ಮಕ್ಕಳ ತಲೆಯೆಣಿಕೆಯನ್ನು ಅವಲಂಬಿಸಿದೆ. ಪರಿಷ್ಕೃತ ನಿಯಮದಲ್ಲಿ 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲ್ಪಟ್ಟರೆ ಒಂದು ಲಕ್ಷ ಎಂದು ನಿಗದಿಯಾಯಿತು. ಇದರಲ್ಲಿ ಹತ್ತನೆಯ ಒಂದಂಶವಾದರೂ ಶುಚಿತ್ವಕ್ಕೆ ಸಲ್ಲಬೇಕು.

ಈ ಮೆಟ್ಟಿಲುಗಳ ಅಂಚನ್ನು ತುಸು ನಿಂತು ನೋಡಬೇಕು. 31 ಮಕ್ಕಳ ಶಾಲೆಯಿಂದ ಒಂದು ಮಗು ಬಿಟ್ಟುಹೋದರೆ ಅನುದಾನ 15,000 ರೂಪಾಯಿ ಕುಸಿಯುತ್ತದೆ. ಮಳೆಗೆ ಸೋರುವ ಮಾಳಿಗೆಯ ವಿಸ್ತಾರ ಮಾತ್ರ ಅಷ್ಟೇ ಇರುತ್ತದೆ. ಶಿಕ್ಷಕರ ಎಣಿಕೆಯಲ್ಲಿಯೂ ಇದೇ ಅಂಚು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ ಐದನೆಯ ತರಗತಿಯವರೆಗೆ 60 ಮಕ್ಕಳಿಗೆ ಇಬ್ಬರು, 61 ಆದರೆ ಮೂವರು. ಒಂದು ಹೆಸರು ಹಾಜರಿ ಪುಸ್ತಕದಿಂದ ಅಳಿದರೆ ಮೂರನೆಯವರು ‘ಹೆಚ್ಚುವರಿ ಶಿಕ್ಷಕ’ರೆನಿಸಿ ವರ್ಗವಾಗುವ ಪ್ರಸಂಗ ಬರುತ್ತದೆ. ಹೀಗಿರಲು ಮುಖ್ಯೋಪಾಧ್ಯಾಯರು ದಾಖಲಾತಿಗಾಗಿ ಮನೆಮನೆ ತಿರುಗುವುದು ಬರಿಯ ವಿದ್ಯಾಪ್ರೇಮದಿಂದಲ್ಲ. ಕನ್ನಡ, ಮರಾಠಿ ಎರಡನ್ನೂ ಆಡುವ ಈ ಸೀಮೆಯಲ್ಲಿ ಆ ಮಗುವಿಗೆ ಕನ್ನಡ ಶಾಲೆ, ಮರಾಠಿ ಶಾಲೆ ಎಂಬ ಎರಡು ದಾರಿಗಳುಂಟು. ಬಸ್ಸು ಕಳುಹಿಸುವ ಇಂಗ್ಲಿಷು ಶಾಲೆ ಮೂರನೆಯದು. ಭಾಷೆಯ ವಾದವನ್ನು ವೇದಿಕೆಯ ಮೇಲೆ ಮಾಡುವವರು ಈ ಹಾಜರಿ ಪುಸ್ತಕವನ್ನೊಮ್ಮೆ ತೆರೆದು ನೋಡುವುದು ಒಳಿತು.

ತಲೆಯೆಣಿಕೆಗೆ ನದಿಯ ಲೆಕ್ಕ ತಿಳಿಯದು. 2019ರ ಆಗಸ್ಟಿನ ಮಹಾಪೂರ ಈ ಭಾಗವನ್ನೆಲ್ಲ ನಡುಗಿಸಿತು. ಮೆಟ್ಟಿಲ ಮೇಲೆ ನಿಲ್ಲುವ ನಾಡಿನ 90 ಮಕ್ಕಳ ಶಾಲೆಗೂ ನೀರು ನುಗ್ಗುವ ಊರಿನ 90 ಮಕ್ಕಳ ಶಾಲೆಗೂ ಅನುದಾನ ಒಂದೇ. ಗೋಡೆ ಕುಸಿದರೆ ವಿಪತ್ತು ಪರಿಹಾರದ ಹಣ ಬೇಡಬೇಕು. ಅದರ ಕೀಲಿ ಶಿಕ್ಷಣ ಇಲಾಖೆಯಲ್ಲಿಲ್ಲ, ಕಂದಾಯ ಇಲಾಖೆಯಲ್ಲಿದೆ. ಚಿಕ್ಕೋಡಿಯನ್ನು ಶಿಕ್ಷಣ ಇಲಾಖೆ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿ ಮಾಡಿಕೊಂಡದ್ದರಿಂದ ಕಡತಕ್ಕೆ ಚಿಕ್ಕೋಡಿ, ಬೆಳಗಾವಿ ಎಂದು ಎರಡು ಪಯಣಗಳಾದವು. ಗಡಿಶಾಲೆಗಳಿಗೆ ನೆರವಾಗಬಲ್ಲ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ 2010ರ ಕಾಯಿದೆ ಆಧಾರ. ಅಲ್ಲಿಗೆ ಸಲ್ಲಿಸುವ ಅರ್ಜಿ ಇನ್ನೊಂದು.

ಹಾಗಾದರೆ ಊರಿನವರ ಕೈಯಲ್ಲಿ ಏನಿದೆ? 2001ರಲ್ಲಿ ಕರ್ನಾಟಕ ಪ್ರತಿ ಸರಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಕೊಟ್ಟಿತು. ಶಿಕ್ಷಣ ಹಕ್ಕು ಕಾಯಿದೆ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೇ ಇರಬೇಕೆಂದು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂದು ಹೇಳಿತು. ಸಮಿತಿ ಬರೆದ ಅಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರವಾಗಬೇಕೆಂದು 22ನೆಯ ಪ್ರಕರಣದಲ್ಲಿ ಸೇರಿಸಿತು. ಆಚರಣೆಯಲ್ಲಿ ಸಿದ್ಧ ನಮೂನೆಗೆ ಸಹಿ ಬೀಳುವುದೇ ಹೆಚ್ಚು. ಬೇಸಾಯ, ಬೀಡಿಯ ದುಡಿಮೆಯಲ್ಲಿ ದಿನ ಕಳೆಯುವ ತಾಯಿಗೆ ಸಭೆಯ ಹೊತ್ತು ಒದಗುವುದಿಲ್ಲವೆಂಬುದೂ ನಿಜ. ಆದರೂ ನೀರು ಎಲ್ಲಿಯವರೆಗೆ ಏರಿತ್ತು, ಯಾವ ಕೋಣೆ ಬಿರುಕುಬಿಟ್ಟಿದೆ ಎಂದು ಬರೆಯಿಸಬಲ್ಲವರು ಅವರೇ. ಆ ಬರಹ ಮಾರ್ಚಿಯ ಅವಸರಕ್ಕೆ ಮೊದಲು, ಡಿಸೆಂಬರು ಮುಗಿಯುವುದರೊಳಗೆ, ಮೇಲಿನ ಕಚೇರಿಯನ್ನು ಮುಟ್ಟಿರಬೇಕು. ಮುಂದಿನ ವರ್ಷದ ಯೋಜನೆ ಕಟ್ಟುವುದು ಆ ತಿಂಗಳುಗಳಲ್ಲಿಯೇ.